ಮುಖದ ಕಲೆಯನ್ನು ಹಗುರವಾಗಿ ಕಾಣಬೇಡಿ: ಲೂಪಸ್ ಬಗ್ಗೆ ನಾಲ್ಕು ಮಾತು



ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಸಂಘದ ವೈದ್ಯಕೀಯ ನೆರವಿನ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ನನ್ನದು. ಕಳೆದ ವರ್ಷ ಒಂದು ಅರ್ಜಿಯಲ್ಲಿ ಚರ್ಮರೋಗ ತಜ್ಞರ ಚೀಟಿ, ಸನ್‌ಸ್ಕ್ರೀನ್ ಬಿಲ್ಲು ಕಂಡು, ‘ಸೌಂದರ್ಯದ ಖರ್ಚು’ ಎಂದು ಬರೆದು ಬದಿಗಿಟ್ಟೆ. ಎರಡು ತಿಂಗಳ ನಂತರ ಆ ಹುಡುಗಿಯ ತಾಯಿ ಬಂದು, “ಸರ್, ಅವಳಿಗೆ ಲೂಪಸ್. ದುಡ್ಡಿಲ್ಲದೆ ಮಾತ್ರೆ ನಿಲ್ಲಿಸಿದ್ದೇವೆ” ಎಂದರು. ಅಂದು ತಲೆ ತಗ್ಗಿಸಿದವನು, ವೈದ್ಯರಿಂದ ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವುದು ಲೂಪಸ್. ರೋಗಿಗಳಲ್ಲಿ 10ಕ್ಕೆ ಸುಮಾರು 9 ಮಂದಿ ಮಹಿಳೆಯರು. ಇದು ಅಂಟುರೋಗವಲ್ಲ.

ಚರ್ಮದಲ್ಲಿ ಕಾಣುವ ಮುಖ್ಯ ಗುರುತುಗಳು:

1. ಎರಡೂ ಕೆನ್ನೆ ಮತ್ತು ಮೂಗಿನ ಮೇಲೆ ಚಿಟ್ಟೆ ರೆಕ್ಕೆ ಬಿಚ್ಚಿದಂತೆ ಕೆಂಪು. ನಮ್ಮ ಮೈಬಣ್ಣದಲ್ಲಿ ಇದು ಕಂದಾಗಿಯೂ ಕಾಣಬಹುದು. ‘ಬಂಗು’ ಎಂದುಕೊಂಡು ಅಂಗಡಿಯ ಕ್ರೀಮು ಹಚ್ಚಿ ಕಾಲ ಕಳೆಯುವವರುಂಟು.

2. ಮುಖ, ಕಿವಿ, ನೆತ್ತಿಯ ಮೇಲೆ ಬಿಲ್ಲೆಯಂಥ ದಪ್ಪ, ಹೊಟ್ಟೇಳುವ ಕಲೆಗಳು. ಇವು ವಾಸಿಯಾದರೂ ಗುರುತು ಉಳಿಯುತ್ತದೆ. ನೆತ್ತಿಯಲ್ಲಾದರೆ ಅಲ್ಲಿ ಕೂದಲು ಮತ್ತೆ ಬಾರದಿರಬಹುದು.

3. ಬಿಸಿಲಿಗೆ ಹೋದರೆ ದದ್ದು ಹೆಚ್ಚುವುದು. ಬಾಯಲ್ಲಿ ಹುಣ್ಣು. ಚಳಿಗೆ ಬೆರಳು ಬಿಳಿಚಿ ನೀಲಿಗಟ್ಟುವುದು.

ಎಲ್ಲ ಕಲೆಯೂ ಲೂಪಸ್ ಅಲ್ಲ. ಕೆಲವರಲ್ಲಿ ಲೂಪಸ್ ಚರ್ಮಕ್ಕಷ್ಟೇ ಸೀಮಿತ. ಆದರೆ ಇನ್ನು ಕೆಲವರಲ್ಲಿ ಕೀಲು, ಮೂತ್ರಪಿಂಡ, ಹೃದಯಕ್ಕೂ ತಗಲುತ್ತದೆ. ಮೂತ್ರಪಿಂಡ ಕೆಡುತ್ತಿರುವುದು ಮೊದಮೊದಲು ರೋಗಿಗೆ ಗೊತ್ತೇ ಆಗದು. ಆದ್ದರಿಂದ ರಕ್ತ, ಮೂತ್ರ, ಬಿಪಿ ಪರೀಕ್ಷೆ ತಪ್ಪಿಸಬಾರದು. ಖಾತೆ ಕೆಡುವ ಮುನ್ನ ಕಂತು ತಪ್ಪುತ್ತದಲ್ಲ, ಚರ್ಮದ ಕಲೆಯೂ ಅಂಥ ಮುನ್ಸೂಚನೆಯಾಗಿರಬಹುದು.

ಹಿಂದೆ ಮಲೇರಿಯಾಕ್ಕೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೊಕ್ವಿನ್ ಇದಕ್ಕೆ ಮುಖ್ಯ ಮಾತ್ರೆ. ಅದನ್ನು ವರ್ಷಗಟ್ಟಲೆ ನುಂಗಬೇಕು, ವೈದ್ಯರು ಹೇಳಿದಂತೆ ಕಣ್ಣಿನ ತಪಾಸಣೆಯೂ ಆಗಬೇಕು. ಚೆನ್ನಾಗಿದ್ದೇನೆಂದು ತಾವಾಗಿಯೇ ನಿಲ್ಲಿಸಿದರೆ ರೋಗ ಮರುಕಳಿಸಬಹುದು. ಛತ್ರಿ, ತುಂಬುತೋಳಿನ ಬಟ್ಟೆ, ಸನ್‌ಸ್ಕ್ರೀನ್ ಇವರಿಗೆ ಅಲಂಕಾರವಲ್ಲ, ಚಿಕಿತ್ಸೆಯ ಭಾಗ.

ಆ ಅರ್ಜಿಯನ್ನು ಸಮಿತಿ ಮಂಜೂರು ಮಾಡಿದೆ. ಹುಡುಗಿ ಮತ್ತೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಕಳೆದ ಎರಡು ತಿಂಗಳನ್ನು ಮಾತ್ರ ನಾನು ತುಂಬಿಕೊಡಲಾರೆ.

ಆಪರೇಷನ್ನಿಗೆಂದರೆ ನೀವು ಒಮ್ಮೆಗೇ ಕೈಬಿಚ್ಚಿ ಕೊಡುತ್ತೀರಿ. ಇಂಥ ರೋಗಿಗಳಿಗೆ ಬೇಕಾದದ್ದು ತಿಂಗಳು ತಿಂಗಳು ತಪ್ಪದೆ ಬರುವ ಸಣ್ಣ ಮೊತ್ತ. ದಯವಿಟ್ಟು ಅದಕ್ಕೂ ಕೈಜೋಡಿಸಿ.