‘ಇಲ್ಲ’ ಎಂದು ಬರೆಯುವ ಮುನ್ನ

ಮಕ್ಕಳೇ, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದ ಎಷ್ಟೋ ಜನ ಪೈಥಾನ್ ಕಲಿತು ಕೋಷ್ಟಕಗಳ ಕೆಲಸಕ್ಕೆ ಕೂರುತ್ತಿದ್ದೀರಿ. ನನಗೆ ತುಂಬ ಸಂತೋಷ. ಒಂದು ಮಾತು ನೆನಪಿರಲಿ: ಕೋಷ್ಟಕದಲ್ಲಿ ಏನನ್ನಾದರೂ ಹುಡುಕಿದಾಗ ಕೋಡ್ ‘ಇಲ್ಲ’ ಅಂದರೆ, ನೀವು ಕೇಳಿದ ರೂಪದಲ್ಲಿ ಇಲ್ಲ ಎಂದಷ್ಟೇ ಅರ್ಥ.

ನಮ್ಮ ಊರುಗಳನ್ನೇ ನೋಡಿ. ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು, ಕೆ.ಆರ್. ಪೇಟೆಗೆ ಅತ್ತಿಕುಪ್ಪೆ. ಹಳೆಯ ದಾಖಲೆಯಲ್ಲಿ ಹೊಸ ಹೆಸರು ಹುಡುಕಿದರೆ ಎಲ್ಲಿ ಸಿಗುತ್ತದೆ? ಇಂದಿಗೂ ಒಬ್ಬರು ಚುಕ್ಕಿಯಿಟ್ಟು ‘ಕೆ.ಆರ್.’ ಎಂದರೆ, ಇನ್ನೊಬ್ಬರು ‘ಕೃಷ್ಣರಾಜಪೇಟೆ’ ಎಂದೇ ಬರೆಯುತ್ತಾರೆ. ‘ಪೇ’ ಅಕ್ಷರದ ಸ್ವರಚಿಹ್ನೆ ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಎರಡಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ. ‘ಆರ್’ ಆದಮೇಲೆ ಕಾಣದ ಸಂಕೇತವೊಂದು ಕೂತಿರಬಹುದು. ಆದ್ದರಿಂದ ಮೊದಲು ಆಚೀಚೆಯ ಖಾಲಿ ಜಾಗ ತೆಗೆಯಿರಿ, ಯೂನಿಕೋಡನ್ನು ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತನ್ನಿ, ಕಾಣದ ಸಂಕೇತಗಳನ್ನು ಅಳಿಸಿ, ಒಂದೇ ಊರಿನ ಹಲವು ಹೆಸರುಗಳನ್ನು ಒಂದಕ್ಕೆ ಜೋಡಿಸಿ. ಆಮೇಲೆ ಹುಡುಕಿ.

ಜಮೀನಿನ ಸರ್ವೆ ನಂಬರಿನಲ್ಲಿ ಇನ್ನೂ ಎಚ್ಚರ ಬೇಕು. 12/1 ಎಂದು ಹೊಡೆದರೆ ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತದೆ. ಆ ಕಾಲಂ ಅನ್ನು ಮೊದಲೇ ಪಠ್ಯವೆಂದು ಗುರುತಿಸಿ. ‘೧೨’ ಮತ್ತು ‘12’ ಕಂಪ್ಯೂಟರಿಗೆ ಬೇರೆ ಬೇರೆ. ಪೈಥಾನಿನ ಪಾಂಡಾಸ್‌ನಲ್ಲಿ ‘ಕಂಟೈನ್ಸ್’ ಬಳಸಿ 12 ಕೇಳಿದರೆ 112 ಕೂಡ ಬರುತ್ತದೆ. ಪೂರ್ತಿ ಹೊಂದಾಣಿಕೆಗೆ ‘ಈಸ್‌ಇನ್’ ಬಳಸಿ. ಕಾಲಂ ಮೇಲೆ ಬರಿಯ ‘ಇನ್’ ಹಾಕಿದರೆ ಅದು ಒಳಗಿನ ಮೌಲ್ಯಗಳನ್ನು ನೋಡುವುದಿಲ್ಲ, ಸಾಲುಗಳ ಸೂಚಿಯನ್ನು ನೋಡುತ್ತದೆ. ಒಂದಾದರೂ ಇದೆಯೇ ಎಂಬುದಕ್ಕೆ ‘ಎನಿ’, ಎಲ್ಲವೂ ಇವೆಯೇ ಎಂಬುದಕ್ಕೆ ‘ಆಲ್’, ಇವೆರಡನ್ನು ಬೆರೆಸಬೇಡಿ. ಖಂಡಿತ ಇರುವ ಒಂದು ನಂಬರು, ಖಂಡಿತ ಇಲ್ಲದ ಇನ್ನೊಂದು ಕೊಟ್ಟು ನಿಮ್ಮ ಕೋಡನ್ನು ಮೊದಲು ಪರೀಕ್ಷಿಸಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ‘ಭೂಮಿ’ ಯೋಜನೆಯಲ್ಲಿ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳು, ಅಂದರೆ ಜಮೀನಿನ ದಾಖಲೆಗಳು, ಕಂಪ್ಯೂಟರಿಗೆ ಬಂದವು. ಪಹಣಿಯ ಮೇಲೆಯೇ ಬೆಳೆಸಾಲ, ಬೆಳೆ ಪರಿಹಾರ ನಿಂತಿವೆ. ಒಂದು ಚುಕ್ಕಿಯ ವ್ಯತ್ಯಾಸಕ್ಕೆ ಒಂದು ಸಾಲು ಬಿಟ್ಟುಹೋದರೆ, ಕೌಂಟರಿನ ಮುಂದೆ ನಿಂತ ರೈತ ‘ನಿಮ್ಮ ಹೆಸರಿಲ್ಲ’ ಎಂಬ ಮಾತು ಕೇಳಿ ಬಸ್ಸು ಹತ್ತಿ ಊರಿಗೆ ಹಿಂತಿರುಗಬೇಕು. ತಪ್ಪು ಎಲ್ಲಾಯಿತೆಂದು ತಿಳಿಯುವ ದಾರಿ ಅವನಿಗಿಲ್ಲ, ನಿಮಗಿದೆ. ಹೊಂದದ ಸಾಲುಗಳನ್ನೆಲ್ಲ ಬೇರೆ ಪಟ್ಟಿ ಮಾಡಿ, ಕಣ್ಣಾರೆ ಓದಿ. ಆಗಲೂ ಅನುಮಾನ ಉಳಿದರೆ ಆ ಊರಿನ ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿ. ಅದಾದ ಮೇಲೆ ‘ಇಲ್ಲ’ ಎಂದು ಬರೆಯಿರಿ.