ಅನುಸ್ವಾರಕ್ಕೆ ಅಂಕಿಯ ಸೊನ್ನೆ ಒತ್ತಬೇಡಿ

ಚನ್ನಗಿರಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಸೂಳೆಕೆರೆಯ ಬಗ್ಗೆ ಬರೆದ ಲೇಖನವನ್ನು ಅಂತರ್ಜಾಲಕ್ಕೆ ಸಿದ್ಧಪಡಿಸುತ್ತಿದ್ದೆ. ಸೊಗಸಾದ ಬರಹ. ಕೆರೆಯ ಇನ್ನೊಂದು ಹೆಸರಾದ ‘ಶಾಂತಿಸಾಗರ’ ಎಲ್ಲೆಲ್ಲಿ ಬಂದಿದೆ ಎಂದು ಹುಡುಕಿದರೆ, ಕಂಪ್ಯೂಟರ್ ಒಂದು ಕಡೆಯೂ ಇಲ್ಲ ಎಂದಿತು. ಕಣ್ಣೆದುರಿಗೇ ಹತ್ತಾರು ಸಲ ಇತ್ತು! ಮೇಷ್ಟ್ರು ಟೈಪ್ ಮಾಡಿದ್ದು ‘ಶಾ೦ತಿಸಾಗರ’. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಕೂತಿತ್ತು.

ಮೊದಲಿಗೆ, ಅಂತರ್ಜಾಲಕ್ಕೆ ಬರೆಯುವುದಾದರೆ ಯೂನಿಕೋಡ್‌ನಲ್ಲೇ ಬರೆಯಿರಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ್ದನ್ನು ಹಾಗೇ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಪರಿವರ್ತಕದಲ್ಲಿ ಹಾಕಿ ತೆಗೆಯಿರಿ. ಆಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ.

ಇನ್ನು ಸೊನ್ನೆಯ ವಿಷಯ. ಅನುಸ್ವಾರವನ್ನು ಶಾಲೆಯಲ್ಲಿ ‘ಸೊನ್ನೆ’ ಎಂದೇ ಕಲಿತವರು ನಾವು. ಕಣ್ಣಿಗೂ ಎರಡೂ ಒಂದೇ. ಆದರೆ ಕಂಪ್ಯೂಟರಿಗೆ ಒಂದು ಅಕ್ಷರಭಾಗ, ಇನ್ನೊಂದು ಅಂಕಿ. ಅಂಕಿ ಹಾಕಿದ ಪದ ಹುಡುಕಿದರೆ ಸಿಗದು, ಕಾಗುಣಿತ ಪರೀಕ್ಷಕಕ್ಕೆ ಗುರುತಾಗದು. ದೃಷ್ಟಿಹೀನರಿಗೆ ಪಠ್ಯ ಓದಿ ಹೇಳುವ ತಂತ್ರಾಂಶ ಪದದ ನಡುವೆ ಅಂಕಿ ಬಂದರೆ ಮುಗ್ಗರಿಸುತ್ತದೆ. ನನ್ನ ಮಟ್ಟಿಗೆ ಈ ಕೊನೆಯ ಕಾರಣವೊಂದೇ ಸಾಕು.

ಪರೀಕ್ಷಿಸುವುದು ಸುಲಭ. ಪದದ ಆರಂಭದಲ್ಲಿ ಕರ್ಸರ್ ಇಟ್ಟು ಬಲಬಾಣದ ಕೀಲಿ ಒತ್ತಿ. ‘ಶಾಂ’ ಸರಿಯಾಗಿದ್ದರೆ ಕರ್ಸರ್ ಒಂದೇ ನೆಗೆತಕ್ಕೆ ದಾಟುತ್ತದೆ; ಅಂಕಿಯಾಗಿದ್ದರೆ ‘ಶಾ’ ಆದ ಮೇಲೆ ಒಮ್ಮೆ ನಿಲ್ಲುತ್ತದೆ. ನುಡಿಯಲ್ಲೂ ಬರಹದಲ್ಲೂ ಅನುಸ್ವಾರಕ್ಕೆ ಶಿಫ್ಟ್ ಹಿಡಿದು ಎಂ ಒತ್ತಬೇಕು. ಈಗಾಗಲೇ ಬರೆದಾಗಿದ್ದರೆ ‘ಹುಡುಕಿ–ಬದಲಿಸಿ’ ಸೌಲಭ್ಯದಲ್ಲಿ ಅಂಕಿಯ ಜಾಗಕ್ಕೆ ಅನುಸ್ವಾರ ಕೊಡಿ. ಆದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೋಗಬೇಡಿ. ಲೇಖನದಲ್ಲಿ ‘೨೦೨೫’ ಎಂದೇನಾದರೂ ಇದ್ದರೆ ಅದರ ಸೊನ್ನೆಯೂ ಅನುಸ್ವಾರವಾಗಿ ಇಸವಿಯೇ ಕೆಡುತ್ತದೆ. ಒಂದೊಂದನ್ನೇ ನೋಡಿ ಬದಲಿಸಿ. ನಾನು ಅವಸರಪಟ್ಟು ಒಟ್ಟಿಗೆ ಬದಲಿಸಿ, ಆಮೇಲೆ ಇಡೀ ಲೇಖನದ ಇಸವಿಗಳನ್ನು ಮತ್ತೆ ಕೂತು ತಿದ್ದಿದ್ದೇನೆ. ವಿಸರ್ಗದ್ದೂ ಇದೇ ಕಥೆ: ‘ದುಃಖ’ಕ್ಕೆ ವಿವರಣ ಚಿಹ್ನೆ ಹಾಕಿ ‘ದು:ಖ’ ಎಂದು ಬರೆಯಬಾರದು.

‘ಸಾಫ್ಟ್‌ವೇರ್’ ಎನ್ನುವುದು ‘ಸಾಫ್ಟ್ವೇರ್’ ಆಗಿ ಕೂಡಿಕೊಳ್ಳುವುದು ಇನ್ನೊಂದು ತೊಂದರೆ. ನುಡಿಯ ಕೀಲಿಮಣೆ ವಿನ್ಯಾಸದಲ್ಲಿ ಎಫ್ ಕೀಲಿಯನ್ನು ಎರಡು ಸಲ ಒತ್ತಿದರೆ ಅರ್ಧಾಕ್ಷರ ಬಿಡಿಯಾಗಿ ನಿಲ್ಲುತ್ತದೆ.

ಕಾಗುಣಿತದಲ್ಲಿ ಫೋನ್ ಸೂಚಿಸಿದ್ದನ್ನೆಲ್ಲ ನಂಬಬೇಡಿ. ನೀವು ಹಿಂದೆ ತಪ್ಪಾಗಿ ಬರೆದದ್ದನ್ನೂ ಅದು ನೆನಪಿಟ್ಟಿರುತ್ತದೆ. ಶುಭಾಷಯ ಅಲ್ಲ, ಶುಭಾಶಯ. ಕೋಟ್ಯಾಂತರ ಅಲ್ಲ, ಕೋಟ್ಯಂತರ. ಜಾತ್ಯಾತೀತ ಅಲ್ಲ, ಜಾತ್ಯತೀತ. ಉಚ್ಛಾರ ಅಲ್ಲ, ಉಚ್ಚಾರ. ಚಿನ್ಹೆ ಅಲ್ಲ, ಚಿಹ್ನೆ. ಅನುಮಾನ ಬಂದರೆ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ‘ಅಲರ್’ ನಿಘಂಟು ನೋಡಿ. ‘ಮಾಡ ಬೇಕು’, ‘ಹೋಗ ಲಿಲ್ಲ’ ಎಂದು ಕ್ರಿಯಾಪದವನ್ನು ಒಡೆಯುವ ಚಾಳಿಯನ್ನೂ ಬಿಡಬೇಕು.

ಅಲ್ಪವಿರಾಮ, ಪೂರ್ಣವಿರಾಮಗಳು ಹಿಂದಿನ ಪದಕ್ಕೆ ಅಂಟಿಕೊಂಡಿರಬೇಕು, ಅವುಗಳ ನಂತರ ಒಂದು ಜಾಗ ಬಿಡಬೇಕು. ಮೊದಲೇ ಜಾಗ ಬಿಟ್ಟರೆ ಮೊಬೈಲ್‌ನಲ್ಲಿ ಅಲ್ಪವಿರಾಮವೊಂದೇ ಮುಂದಿನ ಸಾಲಿಗೆ ಜಾರುವುದುಂಟು. ‘ಯಾಕೆ ಬರಲಿಲ್ಲ ಎಂದು ಕೇಳಿದರು’ ಎಂಬ ವಾಕ್ಯಕ್ಕೆ ಪ್ರಶ್ನಾರ್ಥಕ ಚಿಹ್ನೆ ಬೇಡ, ಅದು ಪ್ರಶ್ನೆಯ ವರದಿ ಅಷ್ಟೆ. ಆಶ್ಚರ್ಯಸೂಚಕ ಚಿಹ್ನೆ ಒಂದೇ ಸಾಕು. ಮೂರು ಹಾಕಿದರೆ ವಾಕ್ಯದ ಬಲವೇನೂ ಹೆಚ್ಚುವುದಿಲ್ಲ.

ವಿನ್ಯಾಸದ ಬಗ್ಗೆ ಚುಟುಕಾಗಿ: ಸಾಲುಗಳನ್ನು ಎಡ ಅಂಚಿಗಷ್ಟೇ ಹೊಂದಿಸಿ. ಎರಡೂ ಅಂಚಿಗೆ ಎಳೆದರೆ ಕನ್ನಡದ ಉದ್ದ ಪದಗಳ ನಡುವೆ ದೊಡ್ಡ ಕಂದಕಗಳು ಬೀಳುತ್ತವೆ. ‘ರಾಷ್ಟ್ರ’, ‘ಶಾಸ್ತ್ರ’ದಂಥ ಪದಗಳ ಒತ್ತುಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲಿನ ಅಂತರ ಒಂದೂವರೆಯಷ್ಟಿರಲಿ. ನಾಲ್ಕೈದು ವಾಕ್ಯಕ್ಕೊಂದು ಪ್ಯಾರಾ ಮಾಡಿ.

ಈಗಾಗಲೇ ಪ್ರಕಟವಾದ ನಿಮ್ಮ ಲೇಖನಗಳನ್ನು ಇವತ್ತೇ ತೆರೆದು, ಅಂಕಿಯ ಸೊನ್ನೆಗಳನ್ನು ಹುಡುಕಿ ತಿದ್ದಿ.