ತುಟಿ ಮುಂದೆ, ಮಾತು ಹಿಂದೆ: ವಿಡಿಯೋ ಕನ್ವರ್ಟ್ ಮಾಡುವಾಗ ಸಿಂಕ್ ಸರಿಪಡಿಸೋದು ಹೇಗೆ?

ಕಾಲೇಜಿನ ನಾಟಕವನ್ನು ಮೊಬೈಲಿನಲ್ಲಿ ಚಿತ್ರಿಸಿ, ಚಿಕ್ಕ ಪ್ಲೇಯರ್‌ಗೆ ಹೊಂದುವಂತೆ ಕನ್ವರ್ಟ್ ಮಾಡ್ತೀರಿ. ಮೊದಲ ದೃಶ್ಯ ಚೆನ್ನಾಗಿಯೇ ಇರುತ್ತೆ. ಕೊನೆಯ ದೃಶ್ಯದಲ್ಲಿ ಮಾತ್ರ ಪಾತ್ರಧಾರಿ ಬಾಯಿ ಮುಚ್ಚಿದ ಮೇಲೆ ಮಾತು ಕೇಳುತ್ತೆ! ಇದು ಬರೀ ಕಿರಿಕಿರಿಯ ವಿಷಯ ಅಲ್ಲ. ಕಿವಿ ಮಂದ ಇರುವವರು ತುಟಿಯ ಚಲನೆ ನೋಡಿಯೇ ಮಾತು ಹಿಡಿಯುತ್ತಾರೆ; ಅವರಿಗೆ ಇಡೀ ನಾಟಕವೇ ಕೈತಪ್ಪಿ ಹೋಗುತ್ತೆ. ಐಟಿಯು ಸಂಸ್ಥೆಯ ಶಿಫಾರಸಿನ ಪ್ರಕಾರ ಧ್ವನಿ ಸುಮಾರು 45 ಮಿಲಿಸೆಕೆಂಡ್ ಮುಂದೆ ಹೋದರೂ, 125 ಮಿಲಿಸೆಕೆಂಡ್ ಹಿಂದೆ ಬಿದ್ದರೂ ನೋಡುಗರಿಗೆ ಗೊತ್ತಾಗುತ್ತೆ.

ಮೊದಲು ಅಳೆಯಿರಿ

ಬ್ಲೂಟೂತ್ ಹೆಡ್‌ಫೋನ್ ತೆಗೆದಿಡಿ, ಅದೇ ಧ್ವನಿಯನ್ನು ತಡ ಮಾಡಬಹುದು. ಫೈಲನ್ನು ಕಂಪ್ಯೂಟರಿನಲ್ಲಿ ವಿಎಲ್‌ಸಿಯಲ್ಲಿ ತೆರೆಯಿರಿ. ಚಪ್ಪಾಳೆ, ಚಂಡೆಯ ಪೆಟ್ಟು, ಬಾಗಿಲು ಬಡಿಯೋದು, ಹೀಗೆ ಕಣ್ಣಿಗೂ ಕಿವಿಗೂ ಒಟ್ಟಿಗೆ ಸಿಗುವ ಕ್ಷಣ ಹುಡುಕಿ. ಜೆ, ಕೆ ಕೀಗಳು ಧ್ವನಿಯನ್ನು 50 ಮಿಲಿಸೆಕೆಂಡ್‌ನಂತೆ ಸರಿಸುತ್ತವೆ. ಸರಿಹೊಂದಿದಾಗ ಪರದೆಯ ಮೇಲಿನ ಅಂಕಿ ಬರೆದುಕೊಳ್ಳಿ. ಇದನ್ನು ಶುರುವಿನಲ್ಲೊಮ್ಮೆ, ಕೊನೆಯಲ್ಲೊಮ್ಮೆ ಮಾಡಿ.

ಎರಡೂ ಕಡೆ ಒಂದೇ ಅಂಕಿ ಬಂದರೆ ಧ್ವನಿ ಇಡಿಯಾಗಿ ಸರಿದಿದೆ ಅಷ್ಟೇ. ಎಂಕೆವಿ‌ಟೂಲ್‌ನಿಕ್ಸ್‌ನಲ್ಲಿ ಆಡಿಯೋ ಟ್ರ್ಯಾಕಿನ 'ಡಿಲೇ' ಜಾಗದಲ್ಲಿ ಆ ಅಂಕಿಯನ್ನು ಚಿಹ್ನೆ ಸಮೇತ ಹಾಕಿ. ಮರು-ಎನ್‌ಕೋಡಿಂಗ್ ಬೇಡ, ಗುಣಮಟ್ಟವೂ ಕೆಡಲ್ಲ.

ಅಂಕಿ ಒಂದೇ ಸಮನೆ ಬೆಳೆದರೆ ಲೆಕ್ಕ ಹಾಕಿ. 5ನೇ ನಿಮಿಷದಲ್ಲಿ ಧ್ವನಿ 0.3 ಸೆಕೆಂಡ್ ತಡ, 55ನೇ ನಿಮಿಷದಲ್ಲಿ 3.3 ಸೆಕೆಂಡ್ ತಡ ಅನ್ಕೊಳ್ಳಿ. 3000 ಸೆಕೆಂಡಿಗೆ 3 ಸೆಕೆಂಡ್, ಅಂದ್ರೆ ಸಾವಿರಕ್ಕೆ ಒಂದು. 30 ಮತ್ತು 29.97 ಫ್ರೇಮ್‌ಗಳ ನಡುವಿನ ವ್ಯತ್ಯಾಸವೂ ಅಷ್ಟೇ! ಸೆಕೆಂಡಿಗೆ 29.97 ಫ್ರೇಮ್ ಇದ್ದ ಚಿತ್ರವನ್ನು ಕನ್ವರ್ಟರ್ 30 ಅಂತ ಓಡಿಸಿದೆ. ಚಿತ್ರ ಮುಂದೆ ಓಡಿ ಧ್ವನಿ ಹಿಂದುಳಿದಿದೆ. ಹಾಗಾಗಿ ಧ್ವನಿಯನ್ನು ಮುಟ್ಟದೆ, ಅದೇ ತಂತ್ರಾಂಶದಲ್ಲಿ ವಿಡಿಯೋ ಟ್ರ್ಯಾಕಿನ ಫ್ರೇಮ್ ದರವನ್ನು 30000/1001 ಎಂದು ತಿದ್ದಿ. 24 ಫ್ರೇಮ್‌ನ ಸಿನಿಮಾವನ್ನು 25ರಲ್ಲಿ ಓಡಿಸಿದರೆ ಗಂಟೆಗೆ 144 ಸೆಕೆಂಡ್ ವ್ಯತ್ಯಾಸ ಬರುತ್ತೆ, ಅದನ್ನೂ ಹೀಗೇ ಗುರುತಿಸಬಹುದು.

ವ್ಯತ್ಯಾಸ ಏರುಪೇರಾಗಿದ್ದರೆ ಮೂಲ ಫೈಲನ್ನು ಮೀಡಿಯಾಇನ್ಫೋದಲ್ಲಿ ನೋಡಿ. ಫ್ರೇಮ್ ರೇಟ್ ಮೋಡ್ 'ವೇರಿಯಬಲ್' ಅಂತಿದ್ದರೆ ಕಾರಣ ಬಹುಮಟ್ಟಿಗೆ ಅದೇ. ಬೆಳಕು ಕಡಿಮೆಯಾದಾಗ ಎಷ್ಟೋ ಮೊಬೈಲ್‌ಗಳು ಫ್ರೇಮ್ ದರ ಇಳಿಸುತ್ತವೆ, ರಂಗದ ಮೇಲೆ ಬೆಳಕು ಆಡ್ತಾನೇ ಇರುತ್ತೆ. ಹ್ಯಾಂಡ್‌ಬ್ರೇಕ್‌ನ ವಿಡಿಯೋ ವಿಭಾಗದಲ್ಲಿ 30 ಫ್ರೇಮ್, 'ಕಾನ್‌ಸ್ಟಂಟ್' ಆಯ್ಕೆ ಮಾಡಿ, ಮೂಲ ಫೈಲಿನಿಂದಲೇ ಮತ್ತೆ ಕನ್ವರ್ಟ್ ಮಾಡಿ. ಕೆಟ್ಟ ಪ್ರತಿಯನ್ನು ತೇಪೆ ಹಾಕೋಕೆ ಹೋಗ್ಬೇಡಿ.

ಎಂಕೆವಿ ಫೈಲು ನಿಮ್ಮ ಪ್ಲೇಯರ್‌ನಲ್ಲಿ ಓಡದಿದ್ದರೆ, ಸಿಂಕ್ ಸರಿಮಾಡಿದ ಮೇಲೆ ಅದನ್ನೇ ಹ್ಯಾಂಡ್‌ಬ್ರೇಕ್‌ಗೆ ಕೊಟ್ಟು ಎಂಪಿ4 ಮಾಡಿಕೊಳ್ಳಿ. ಮೊದಲು ಕೊನೆಯ ಎರಡು ನಿಮಿಷ ನೋಡಿ, ಆಮೇಲೆ ಹಂಚಿ. ಮೂಲ ಫೈಲನ್ನು ಮಾತ್ರ ಅಲ್ಲೀತನಕ ಡಿಲೀಟ್ ಮಾಡ್ಬೇಡಿ!